ದೀಪದ ಬೆಳಕು, ಸಿಮೆಂಟಿನ ಧೂಳು: ಫೋಟೋಮೀಟರ್ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಸೀಮೆಯಲ್ಲಿ ಬಹಳ ಕಡೆ ನೆಲ ಅಗೆದರೆ ಸುಣ್ಣಕಲ್ಲು, ತಲೆ ಎತ್ತಿದರೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಇಲ್ಲಿನ ಬಿ.ಎಸ್ಸಿ. ಹುಡುಗ ಹುಡುಗಿಯರಲ್ಲಿ ಕೆಲವರು ಫೋಟೋಮೀಟರ್ ಎಂಬ ಹೆಸರನ್ನು ಭೌತಶಾಸ್ತ್ರದ ಲ್ಯಾಬಿಗೆ ಕಾಲಿಡುವ ಮೊದಲೇ ಕೇಳಿರುತ್ತಾರೆ. ಮನೆಯಲ್ಲಿ ಯಾರಾದರೂ ಕಾರ್ಖಾನೆಗೆ ಹೋಗುವವರಿದ್ದರೆ ಕೇಳದೆ ಇರುವುದು ಹೇಗೆ? ಮೊದಲ ಗೊಂದಲ ಹುಟ್ಟುವುದೂ ಅಲ್ಲೇ.

ತಪ್ಪು ಕಲ್ಪನೆ: ಕಾರ್ಖಾನೆಯ ಲ್ಯಾಬಿನಲ್ಲಿರುವುದೂ ಕಾಲೇಜಿನಲ್ಲಿರುವುದೂ ಒಂದೇ ಫೋಟೋಮೀಟರ್.

ವಾಸ್ತವ: ಸಿಮೆಂಟ್ ಕಾರ್ಖಾನೆಗಳ ಲ್ಯಾಬುಗಳಲ್ಲಿ ಬಳಸುವುದು ಫ್ಲೇಮ್ ಫೋಟೋಮೀಟರ್. ಸಿಮೆಂಟನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಸಣ್ಣ ಹನಿಗಳಾಗಿ ಜ್ವಾಲೆಗೆ ಚಿಮುಕಿಸುತ್ತಾರೆ. ಸೋಡಿಯಂ ಇದ್ದರೆ ಜ್ವಾಲೆ 589 ನ್ಯಾನೋಮೀಟರಿನ ಹಳದಿ ಬೆಳಕು ಕೊಡುತ್ತದೆ. ಪೊಟ್ಯಾಸಿಯಂ ಇದ್ದರೆ 767ರ ಆಸುಪಾಸಿನ, ಕಣ್ಣಿಗೆ ಕಂಡೂ ಕಾಣದ ಕೆಂಪು. ಬೇಕಾದ ಬಣ್ಣವನ್ನಷ್ಟೇ ಫಿಲ್ಟರಿನಲ್ಲಿ ಬಿಟ್ಟುಕೊಂಡು ಅದರ ಬಲ ನೋಡುತ್ತಾರೆ. ಇದೆಲ್ಲ ಯಾಕೆಂದರೆ ಸಿಮೆಂಟಿನಲ್ಲಿ ಕ್ಷಾರ ಹೆಚ್ಚಾದರೆ ಕೆಲವು ಜಾತಿಯ ಜಲ್ಲಿಯೊಂದಿಗೆ ಅದು ಕೂಡಿ ಜೆಲ್ ಆಗುತ್ತದೆ. ಜೆಲ್ ನೀರು ಕುಡಿದು ಉಬ್ಬಿ, ವರ್ಷಗಳ ನಂತರ ಕಾಂಕ್ರೀಟು ಬಿರುಕು ಬಿಡುತ್ತದೆ. ಸೋಡಿಯಂ ಆಕ್ಸೈಡಿಗೆ ಪೊಟ್ಯಾಸಿಯಂ ಆಕ್ಸೈಡಿನ 0.658 ಪಾಲು ಕೂಡಿಸಿ, ಅದು ಶೇ. 0.6 ಮೀರದಿದ್ದರೆ ಕಡಿಮೆ ಕ್ಷಾರದ ಸಿಮೆಂಟು ಎಂದು ಲೆಕ್ಕ. ಅಲ್ಲಿ ಬೆಳಕು ಬರೀ ಸಾಕ್ಷಿ, ವಿಚಾರಣೆ ಉಪ್ಪಿನದು. ಕಾಲೇಜಿನ ಫೋಟೋಮೀಟರಿನಲ್ಲಿ ವಿಚಾರಣೆ ಬೆಳಕಿನದೇ. ಎರಡರಲ್ಲೂ ಸಮಾನವಾದದ್ದು ಒಂದಿದೆ: ಗೊತ್ತಿರುವ ಒಂದು ಮಾದರಿಯನ್ನು ಪಕ್ಕಕ್ಕಿಟ್ಟುಕೊಳ್ಳದೆ ಎರಡೂ ಬಾಯಿ ಬಿಡುವುದಿಲ್ಲ.

ತಪ್ಪು ಕಲ್ಪನೆ: ಥರ್ಮಾಮೀಟರ್ ಇಟ್ಟ ಹಾಗೆ ದೀಪದ ಮುಂದೆ ಇಟ್ಟರೆ ಫೋಟೋಮೀಟರ್ ಸಂಖ್ಯೆ ಹೇಳುತ್ತದೆ.

ವಾಸ್ತವ: ಹಳೆಯ ಮಾದರಿಯ ಫೋಟೋಮೀಟರ್ ತಕ್ಕಡಿಯ ಜಾತಿಯದು. ಒಂದು ಕಡೆ ತೀವ್ರತೆ ಗೊತ್ತಿರುವ ದೀಪ, ಇನ್ನೊಂದು ಕಡೆ ಗೊತ್ತಿಲ್ಲದ ದೀಪ, ನಡುವೆ ಪರದೆ. ಎರಡೂ ಕಡೆ ಬೆಳಕು ಸಮ ಆಗುವವರೆಗೆ ಪರದೆಯನ್ನು ಸರಿಸಬೇಕು. ಪರದೆಯಿಂದ ಗೊತ್ತಿರುವ ದೀಪ 60 ಸೆಂ.ಮೀ., ಗೊತ್ತಿಲ್ಲದ್ದು 90 ಸೆಂ.ಮೀ. ದೂರದಲ್ಲಿದ್ದಾಗ ಸಮ ಆಯಿತು ಅನ್ನಿ. 90ನ್ನು 60ರಿಂದ ಭಾಗಿಸಿ ವರ್ಗ ಮಾಡಿದರೆ 2.25. ಎರಡನೆಯದರ ತೀವ್ರತೆ ಮೊದಲನೆಯದರ ಎರಡೂಕಾಲು ಪಟ್ಟು.

ಫ್ರಾನ್ಸಿನ ಪಿಯರ್ ಬೂಗೇ 1729ರಲ್ಲೇ ಈ ದಾರಿ ಹಿಡಿದಿದ್ದ. ಕಣ್ಣು 'ಎಷ್ಟು' ಎಂದು ಹೇಳಲಾರದು, 'ಸಮವೋ ಅಲ್ಲವೋ' ಎಂದು ಚೆನ್ನಾಗಿ ಹೇಳುತ್ತದೆ ಎಂಬುದು ಅವನ ಆಧಾರ. ನಮ್ಮ ಕಡೆಯ ಬೇಸಿಗೆಯ ನಡು ಮಧ್ಯಾಹ್ನ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ, ತರಗತಿಯ ಒಳಗೆ ಮುನ್ನೂರೋ ನಾನೂರೋ. ಒಳಗೆ ಬಂದ ಕ್ಷಣ ಕತ್ತಲೆ ಕಟ್ಟಿದಂತಾಗುತ್ತದೆ ನಿಜ. ಐದು ನಿಮಿಷ ಕಳೆದರೆ ಪುಸ್ತಕ ಓದುತ್ತಾ ಕೂತಿರುತ್ತೇವೆ. ಇಷ್ಟು ಬೇಗ ಹೊಂದಿಕೊಳ್ಳುವ ಕಣ್ಣನ್ನು ಅಳತೆಗೋಲು ಮಾಡಿಕೊಳ್ಳಲು ಬರುವುದಿಲ್ಲ.

ತಪ್ಪು ಕಲ್ಪನೆ: ಸಮ ಆದಾಗ ಎಣ್ಣೆಯ ಕಲೆ ಪೂರ್ತಿ ಮಾಯವಾಗಲೇಬೇಕು.

ವಾಸ್ತವ: ಬುನ್ಸೆನ್ 1840ರ ದಶಕದಲ್ಲಿ ರೂಢಿಗೆ ತಂದ ಪರದೆ ಎಂದರೆ ಬಿಳಿ ಕಾಗದ, ನಡುವೆ ಎಣ್ಣೆ ಅಥವಾ ಮೇಣದ ಒಂದು ಕಲೆ. ಪುಸ್ತಕಗಳು ಕಲೆ ಮಾಯವಾಗುತ್ತದೆ ಎಂದು ಬರೆದುಬಿಡುತ್ತವೆ. ಆದರೆ ಕಾಗದವೂ ಕಲೆಯೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಹಾಗಾಗಿ ಎಡದಿಂದ ನೋಡಿದಾಗ ಕಲೆ ಅಳಿಯುವ ಜಾಗ ಬೇರೆ, ಬಲದಿಂದ ನೋಡಿದಾಗ ಬೇರೆ. ಪರದೆಯ ಹಿಂದೆ ಎರಡು ಕನ್ನಡಿ ಓರೆಯಾಗಿಟ್ಟು ಎರಡೂ ಮುಖವನ್ನು ಒಟ್ಟಿಗೇ ನೋಡಬೇಕು. ಎರಡರಲ್ಲೂ ಕಲೆ ಒಂದೇ ಮಟ್ಟಿಗೆ ಮಸುಕಾಗಿ ಕಂಡರೆ ಅದೇ ಸಮ. ಆಮೇಲೆ ದೀಪಗಳ ಜಾಗ ಅದಲು ಬದಲು ಮಾಡಿ ಮತ್ತೊಮ್ಮೆ ರೀಡಿಂಗ್ ತೆಗೆಯಬೇಕು. ಈ ಎರಡನೇ ಸುತ್ತನ್ನು ತಪ್ಪಿಸುವುದರಲ್ಲಿ ನಮ್ಮ ವಿದ್ಯಾರ್ಥಿಗಳು ಬಹಳ ನಿಪುಣರು.

ತಪ್ಪು ಕಲ್ಪನೆ: "ಬಲ್ಬಿನ ಮ್ಯಾಲೆ ಎಷ್ಟು ವ್ಯಾಟ್ ಅಂತ ಬರದದ್ರಿ ಸರ್, ಮತ್ತ ಅಳಿಯೋದ್ಯಾಕ?"

ವಾಸ್ತವ: ವ್ಯಾಟ್ ಎನ್ನುವುದು ಬಲ್ಬು ಸೆಕೆಂಡಿಗೆ ಎಳೆಯುವ ವಿದ್ಯುತ್ ಶಕ್ತಿಯ ಲೆಕ್ಕ. ಹಳೆಯ 60 ವ್ಯಾಟಿನ ತಂತಿ ಬಲ್ಬು ಸುಮಾರು 700 ಲೂಮೆನ್ ಕೊಟ್ಟರೆ 9 ವ್ಯಾಟಿನ ಎಲ್‌ಇಡಿ ಸುಮಾರು 900 ಕೊಡುತ್ತದೆ. ಇಷ್ಟೇ ಸಾಕು.

ತಪ್ಪು ಕಲ್ಪನೆ: ವೋಲ್ಟೇಜು ಸ್ವಲ್ಪ ಏರಿಳಿದರೆ ರೀಡಿಂಗೂ ಸ್ವಲ್ಪವೇ ಏರಿಳಿಯುತ್ತದೆ.

ವಾಸ್ತವ: ತಾಲೂಕು ಊರುಗಳ ಲ್ಯಾಬಿನಲ್ಲಿ ಈ ಪ್ರಯೋಗವನ್ನು ಕೆಡಿಸುವವರ ಪಟ್ಟಿ ಮಾಡಿದರೆ ನಾನು ವೋಲ್ಟೇಜನ್ನೇ ಮೊದಲು ಬರೆಯುತ್ತೇನೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಬದಲಾಗುತ್ತದೆ. ವೋಲ್ಟೇಜು ನೂರಕ್ಕೆ ಐದು ಇಳಿದರೆ ಬೆಳಕು ನೂರಕ್ಕೆ ಹದಿನಾರು ಇಳಿಯುತ್ತದೆ, ಹತ್ತು ಇಳಿದರೆ ಮೂವತ್ತು. ಪಕ್ಕದಲ್ಲಿ ಎಲ್ಲೋ ಮೋಟಾರು ಶುರುವಾದರೂ ಸಾಕು. ಎರಡೂ ತಂತಿ ಬಲ್ಬುಗಳಾಗಿದ್ದು ಒಂದೇ ಲೈನಿನಲ್ಲಿದ್ದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ, ಅನುಪಾತ ಹೆಚ್ಚು ಕೆಡುವುದಿಲ್ಲ. ಹೋಲಿಸುವ ವಿಧಾನದ ಲಾಭ ಇದು. ಒಂದು ತಂತಿ ಬಲ್ಬು, ಇನ್ನೊಂದು ಒಳಗೆ ಡ್ರೈವರ್ ಇರುವ ಎಲ್‌ಇಡಿ ಆದರೆ ಆ ಲಾಭ ಹೋಯಿತು. ಡ್ರೈವರ್ ತನ್ನ ದೀಪವನ್ನು ಕಾಪಾಡಿಕೊಳ್ಳುತ್ತದೆ, ತಂತಿ ಬಲ್ಬು ಒಂಟಿಯಾಗಿ ಕುಸಿಯುತ್ತದೆ. ಸ್ಟೆಬಿಲೈಸರ್ ಇಲ್ಲದಿದ್ದರೆ ಬ್ಯಾಟರಿಯಿಂದ ಉರಿಯುವ 12 ವೋಲ್ಟಿನ ಬಲ್ಬುಗಳಿಂದ ಕೆಲಸ ಸಾಗಿಸುವುದು ಮೇಲು.

ಎಲ್‌ಇಡಿ ಜೊತೆ ತಂತಿ ಬಲ್ಬು ಹೋಲಿಸುವಾಗ ಇನ್ನೊಂದು ತೊಡಕು ಬಣ್ಣದ್ದು. ಒಂದು ಕಡೆ ನೀಲಿ ಬೆರೆತ ಬಿಳಿ, ಮತ್ತೊಂದು ಕಡೆ ಹಳದಿ. 'ಸಮ' ಎಂಬುದು ಒಬ್ಬೊಬ್ಬರಿಗೆ ಒಂದೊಂದು ಕಡೆ ಕಾಣುತ್ತದೆ. ಎರಡೂ ಬೆಳಕನ್ನು ಬೇಗ ಬೇಗ ಒಂದಾದ ಮೇಲೊಂದರಂತೆ ತೋರಿಸುವ ಫ್ಲಿಕರ್ ಫೋಟೋಮೀಟರ್ ಹುಟ್ಟಿದ್ದು ಇದಕ್ಕಾಗಿಯೇ. ತಕ್ಕ ವೇಗದಲ್ಲಿ ಬಣ್ಣದ ಮಿನುಗು ಮೊದಲು ನಿಲ್ಲುತ್ತದೆ, ಪ್ರಖರತೆಯ ಮಿನುಗು ಉಳಿಯುತ್ತದೆ, ಅದು ತೀರಾ ಕಡಿಮೆಯಾದ ಜಾಗವೇ ಸಮ.

ತಪ್ಪು ಕಲ್ಪನೆ: ಕಿಟಕಿ ಮುಚ್ಚಿದರೆ ಕತ್ತಲೆ ಕೋಣೆ ಸಿದ್ಧ.

ವಾಸ್ತವ: ಮೇಜಿನ ಮೇಲೆ ನಯ ಮಾಡಿದ ಶಹಾಬಾದ್ ಕಲ್ಲು ಹಾಸಿದ್ದರೆ ಕತ್ತಲೆ ಅರ್ಧವೇ ಸಿದ್ಧ. ಎದುರಿನಿಂದ ನೋಡಿದರೆ ಆ ಬೂದು ಕಲ್ಲು ಪಾಪದ್ದು. ಮೇಜಿನ ಮಟ್ಟಕ್ಕೆ ಬಗ್ಗಿ ಓರೆಯಾಗಿ ನೋಡಿ, ಬಲ್ಬು ಅದರಲ್ಲಿ ತಲೆಕೆಳಗಾಗಿ ಉರಿಯುತ್ತಿರುತ್ತದೆ. ಆ ಬೆಳಕೂ ಪರದೆಗೇ ಬರುತ್ತದೆ. ಬಿಳಿ ಸುಣ್ಣದ ಗೋಡೆ, ಬಿಳಿ ಏಪ್ರನ್ ತಮ್ಮ ಪಾಲು ಸೇರಿಸುತ್ತವೆ. ಪರೀಕ್ಷೆ ಸುಲಭ: ದೀಪಕ್ಕೂ ಪರದೆಗೂ ನಡುವೆ ನೇರ ಬೆಳಕನ್ನಷ್ಟೇ ತಡೆಯುವ ಹಾಗೆ ಸಣ್ಣ ಕಪ್ಪು ರಟ್ಟು ಹಿಡಿಯಿರಿ. ಆಗಲೂ ಉಳಿಯುವ ಬೆಳಕೆಲ್ಲ ಕಳ್ಳ ದಾರಿಯಿಂದ ಬಂದದ್ದು. ಕಲ್ಲಿನ ಮೇಲೆ ಕರಿ ಬಟ್ಟೆ ಹಾಸಿದರೆ ಬಹುಪಾಲು ಅಡಗುತ್ತದೆ.

ಇನ್ನು ಧೂಳು. ಗೊತ್ತಿರುವ ದೀಪದ ಗಾಜಿನ ಮೇಲೆ ಧೂಳು ಕೂತರೆ ಅದರ ತೀವ್ರತೆ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಆಗಿರುತ್ತದೆ. ನಾವು ಬರೆದದ್ದನ್ನೇ ನಂಬಿ ಲೆಕ್ಕ ಹಾಕಿದರೆ ಇನ್ನೊಂದು ದೀಪ ಇರುವುದಕ್ಕಿಂತ ಪ್ರಬಲವಾಗಿ ಬರುತ್ತದೆ. ವಾಡಿ, ಮಳಖೇಡದ ಕಡೆಯವರು ಒದ್ದೆ ಬಟ್ಟೆ ಹಿಡಿಯುವ ಮುನ್ನ ಯೋಚಿಸಬೇಕು: ಸಿಮೆಂಟಿನ ಧೂಳಿಗೆ ನೀರು ಸೋಕಿದರೆ ಗಾಜಿಗೆ ಹಕ್ಕಳೆ ಕಟ್ಟುತ್ತದೆ. ಬಲ್ಬು ಆರಿದ ಮೇಲೆ ಮೆತ್ತನೆ ಬ್ರಷ್, ಆಮೇಲೆ ಒಣ ಬಟ್ಟೆ.

ತಪ್ಪು ಕಲ್ಪನೆ: ಸೋಲಾರ್ ಸೆಲ್ಲಿಗೆ ಮಲ್ಟಿಮೀಟರ್ ಹಚ್ಚಿ ವೋಲ್ಟ್ ನೋಡಿದರೆ ಬೆಳಕು ಅಳೆದಂತೆ.

ವಾಸ್ತವ: ಎಣ್ಣೆ ಕಾಗದದ ಜಾಗಕ್ಕೆ ಈಗ ಸೆಲ್ಲು ಬಂದಿದೆ, ಒಳ್ಳೆಯದೇ. ಆದರೆ ದೂರ ಇಮ್ಮಡಿ ಮಾಡಿದಾಗ ವೋಲ್ಟು ಇಳಿಯುವುದೇ ಇಲ್ಲವಲ್ಲ, ವಿಲೋಮ ವರ್ಗ ನಿಯಮವೇ ಸುಳ್ಳೇ ಎಂಬ ಅನುಮಾನವೂ ಅದರೊಂದಿಗೇ ಬಂದಿದೆ. ಸೆಲ್ಲಿನ ತೆರೆದ ವೋಲ್ಟೇಜು ಬೆಳಕಿನ ಲಾಗರಿದಮ್ ಅನ್ನು ಅನುಸರಿಸುತ್ತದೆ. ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿದರೂ ಆದರ್ಶ ಸೆಲ್ಲಿನಲ್ಲಿ ವೋಲ್ಟೇಜು ಇಳಿಯುವುದು ಸುಮಾರು 36 ಮಿಲಿವೋಲ್ಟ್ ಮಾತ್ರ. ಬೆಳಕಿಗೆ ನೇರ ಅನುಪಾತದಲ್ಲಿರುವುದು ಶಾರ್ಟ್ ಸರ್ಕ್ಯೂಟ್ ಕರೆಂಟು. ಮೀಟರಿನ ಗುಂಡಿಯನ್ನು ಮಿಲಿಆಂಪಿಗೆ ತಿರುಗಿಸಿ, ದೂರದ ವರ್ಗದ ವಿಲೋಮಕ್ಕೆ ಎದುರಾಗಿ ಗ್ರಾಫ್ ಎಳೆಯಿರಿ, ಸರಳ ರೇಖೆ ಸಿಗುತ್ತದೆ. ರೇಖೆ ಮೂಲಬಿಂದುವಿಗಿಂತ ಮೇಲೆ ಹಾದು ಹೋದರೆ ಕಳ್ಳ ಬೆಳಕು ಎಷ್ಟಿತ್ತು ಎಂಬುದನ್ನು ಆ ಅಂತರವೇ ಹೇಳುತ್ತದೆ. ಅದನ್ನು ಅಳಿಸಿ, ಸ್ಕೇಲಿಟ್ಟು ಮೂಲಬಿಂದುವಿಗೆ ಎಳೆದು ತರುವುದು ರೆಕಾರ್ಡ್ ಪುಸ್ತಕಕ್ಕೆ ಚೆಂದ, ವಿದ್ಯೆಗೆ ನಷ್ಟ.

ತಪ್ಪು ಕಲ್ಪನೆ: ವಿಲೋಮ ವರ್ಗ ನಿಯಮ ಯಾವ ದೀಪಕ್ಕೂ, ಯಾವ ದೂರಕ್ಕೂ ಸರಿ.

ವಾಸ್ತವ: ದೀಪ ಚುಕ್ಕಿಯಂತೆ ಕಾಣುವಷ್ಟು ದೂರದಲ್ಲಿದ್ದರೆ ಮಾತ್ರ. ದೀಪದ ಅತಿ ದೊಡ್ಡ ಅಳತೆಯ ಐದು ಪಟ್ಟು ದೂರ ಇರಲಿ ಎಂಬುದು ರೂಢಿ. ನಾಲ್ಕಡಿ ಟ್ಯೂಬ್‌ಲೈಟಿಗೆ ಅದು ಸುಮಾರು ಆರು ಮೀಟರ್, ನಮ್ಮ ಮೇಜು ಅಷ್ಟುದ್ದ ಇರುವುದಿಲ್ಲ.

ತಪ್ಪು ಕಲ್ಪನೆ: ಬೆಳಕು ಅಂದರೆ ಶಕ್ತಿ, ಅಳತೆಯಲ್ಲಿ ಮನುಷ್ಯನ ಕಣ್ಣಿಗೇನು ಕೆಲಸ?

ವಾಸ್ತವ: ಶಕ್ತಿಯನ್ನಷ್ಟೇ ಅಳೆಯುವುದು ರೇಡಿಯೋಮೀಟರ್. ಫೋಟೋಮೀಟರಿನ ಲೆಕ್ಕದಲ್ಲಿ ಕಣ್ಣು ಸೇರಿಯೇ ಇದೆ. ಕ್ಯಾಂಡೆಲಾದ 1979ರ ವ್ಯಾಖ್ಯೆಯು ಹಿಡಿದುಕೊಂಡದ್ದು ಸುಮಾರು 555 ನ್ಯಾನೋಮೀಟರಿನ ಹಸಿರನ್ನು, ಅಂದರೆ ಹಗಲಿನ ಕಣ್ಣು ಅತಿ ಚುರುಕಾಗಿರುವ ಬಣ್ಣವನ್ನು. ಅಲ್ಲಿ ಒಂದು ವ್ಯಾಟಿಗೆ 683 ಲೂಮೆನ್. ಕತ್ತಲಾದಂತೆ ಕಣ್ಣಿನ ಚುರುಕು 507ರ ಕಡೆಗೆ, ನೀಲಿಯತ್ತ ಸರಿಯುತ್ತದೆ. ಚಿಂಚೋಳಿಯ ಕಾಡಿನಲ್ಲಿ ಮುಸ್ಸಂಜೆ ನಿಂತು ನೋಡಿದವರಿಗೆ ಗೊತ್ತು: ಕೆಂಪು ಹೂವು ಕಪ್ಪಾದ ಮೇಲೂ ಎಲೆಗಳು ತಿಳಿಯಾಗಿ ಕಾಣುತ್ತಿರುತ್ತವೆ.

ತಪ್ಪು ಕಲ್ಪನೆ: ಮೊಬೈಲಿನ ಲಕ್ಸ್ ಆ್ಯಪ್ ಇದ್ದ ಮೇಲೆ ಫೋಟೋಮೀಟರ್ ಯಾಕೆ?

ವಾಸ್ತವ: ಫೋನಿನ ಮುಂಭಾಗದ ಸೆನ್ಸರ್ ಇರುವುದು ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡಲು. ಓರೆಯಾಗಿ ಬಿದ್ದ ಬೆಳಕಿಗೆ ಅದರ ಲೆಕ್ಕ ತಪ್ಪುತ್ತದೆ, ಎರಡು ಫೋನು ಎರಡು ಸಂಖ್ಯೆ ಹೇಳುತ್ತವೆ. ಜೊತೆಗೆ ಅದು ಕೊಡುವುದು ಲಕ್ಸ್, ಅಂದರೆ ಮೇಲ್ಮೈಗೆ ಬಿದ್ದ ಬೆಳಕು. ದೀಪದ ಕ್ಯಾಂಡೆಲಾ ಬೇಕಿದ್ದರೆ ಮೀಟರಿನಲ್ಲಿ ಅಳೆದ ದೂರದ ವರ್ಗದಿಂದ ಗುಣಿಸಬೇಕು: ಒಂದೂವರೆ ಮೀಟರಿನಲ್ಲಿ 40 ಲಕ್ಸ್ ಬಂದರೆ 90 ಕ್ಯಾಂಡೆಲಾ. ಬೇರೆ ಉಪಕರಣವೇ ಇಲ್ಲದ ಶಾಲೆಗಳಲ್ಲಿ ಫೋನನ್ನು ಬಳಸಲಡ್ಡಿಯಿಲ್ಲ. ಅದೇ ಫೋನು, ಅದೇ ಜಾಗ, ಅದೇ ಕೋನ ಇಟ್ಟುಕೊಂಡು ಎರಡು ದೀಪಗಳ ಅನುಪಾತವನ್ನಷ್ಟೇ ಬರೆದುಕೊಳ್ಳಿ.