ಹಿನ್ನೀರಿನಿಂದ ಊರು ಬಿಡುವ ನೇಕಾರರು ಎಲ್ಲಿ ನೆಲೆಸಬೇಕು?

ಪ್ರಶ್ನೆ: ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಊರು ಬಿಡಬೇಕಾದ ನೇಕಾರ ಕುಟುಂಬವು ಹೊಸ ನೆಲೆಯನ್ನು ಆರಿಸುವಾಗ ಏನನ್ನು ನೋಡಬೇಕು?
– ಓದುಗರು, ಬನಹಟ್ಟಿ

ಉತ್ತರ: ಮೊದಲು ನೋಡಬೇಕಾದುದು ನೆಲದ ಎತ್ತರ. ಆಲಮಟ್ಟಿಯಲ್ಲಿ ಈಗ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲಾಗುತ್ತಿದ್ದು, ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಆ ಮಿತಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿರುವುದರಿಂದ, ಇಂದಿನ ಹಿನ್ನೀರಿನ ಅಂಚಿನಲ್ಲಿ ಕಟ್ಟಿದ ಮನೆಯು ಮುಂದೆ ಮತ್ತೊಮ್ಮೆ ಮುಳುಗಡೆಯ ಪಟ್ಟಿಗೆ ಸೇರಬಹುದು.

ಎರಡನೆಯದು ನೆಲದ ತೇವ. ಕುಣಿಮಗ್ಗದಲ್ಲಿ, ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗದಲ್ಲಿ ದುಡಿಯುವವರು ಜವಳು ಪ್ರದೇಶವನ್ನು, ಅಂದರೆ ಅಂತರ್ಜಲ ಮೇಲೇರಿ ಸದಾ ಒದ್ದೆಯಾಗಿರುವ ನೆಲವನ್ನು ಆರಿಸಿದರೆ, ಕುಣಿಯಲ್ಲಿ ನೀರು ಜಿನುಗಿ ನೇಯ್ಗೆಯೇ ನಿಲ್ಲುತ್ತದೆ. ವಿದ್ಯುತ್ ಮಗ್ಗದವರಿಗಾದರೋ ಗಟ್ಟಿ ತಳಪಾಯವೂ ತಡೆಯಿಲ್ಲದ ವಿದ್ಯುತ್ತೂ ಅಗತ್ಯ.

ಮೂರನೆಯದು ಕಸುಬಿನ ನಂಟು. ಬಾಗಲಕೋಟೆಯ ನವನಗರದಂತಹ ಯೋಜಿತ ಬಡಾವಣೆಯು ಅಗಲವಾದ ರಸ್ತೆಗಳನ್ನೂ ಶಾಲೆಗಳನ್ನೂ ಒದಗಿಸಬಲ್ಲದಾದರೂ, ಮನೆಯನ್ನೇ ದುಡಿಮೆಯ ಸ್ಥಳವಾಗಿಸಿಕೊಂಡ ನೇಕಾರನಿಗೆ ನೂಲು ಕೊಡುವ ಮಾಲೀಕರು, ಬಣ್ಣ ಹಾಕುವವರು, ಸೀರೆ ಕೊಳ್ಳುವ ವ್ಯಾಪಾರಿಗಳು ಸಮೀಪದಲ್ಲಿರುವುದು ಅಷ್ಟೇ ಮುಖ್ಯ. ಮನೆಯಲ್ಲಿಯೇ ಮಗ್ಗವೂ ಇರಬೇಕಾದುದರಿಂದ, ನಿವೇಶನವನ್ನು ಒಪ್ಪುವ ಮುನ್ನ ಅದರ ಅಳತೆಯು ಸಂಸಾರಕ್ಕೂ ಮಗ್ಗಕ್ಕೂ ಸಾಲುವುದೇ ಎಂಬುದನ್ನು ಸ್ಥಳದಲ್ಲಿಯೇ ಅಳೆದು ನೋಡಬೇಕು. ಮಳೆಗಾಲದಲ್ಲೊಮ್ಮೆ ಆ ನೆಲವನ್ನು ನೋಡಿ ಬರುವುದು ಇನ್ನೂ ಒಳ್ಳೆಯದು.