ಒಳ್ಳೆಯ ಬೆಸುಗೆಗೆ ಎಂಥ ಸ್ಟೇಷನ್ ಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸೋಲ್ಡರಿಂಗ್ ಐರನ್ ಕೇಳಿ ನೋಡಿ, ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ಎಷ್ಟು ವ್ಯಾಟ್ ಬೇಕು ಮೇಡಂ?" ಅಂಗಡಿಯವರನ್ನು ದೂರಿ ಫಲವಿಲ್ಲ, ಕೊಳ್ಳಲು ಬರುವವರೂ ಅದನ್ನೇ ಕೇಳುತ್ತಾರೆ. ಆದರೆ ವ್ಯಾಟ್ ಹೇಳುವುದು ಐರನ್ ಎಷ್ಟು ವಿದ್ಯುತ್ ಎಳೆಯಬಲ್ಲದು ಎಂಬುದನ್ನಷ್ಟೇ. ಬಿಟ್‌ನ ತುದಿ ಬೋರ್ಡನ್ನು ಮುಟ್ಟಿದ ಕ್ಷಣ ಅಲ್ಲಿನ ಬಿಸಿ ಎಷ್ಟು ಕುಸಿಯುತ್ತದೆ, ಎಷ್ಟು ಬೇಗ ಮತ್ತೆ ಏರುತ್ತದೆ ಎಂಬುದರ ಮೇಲೆ ಬೆಸುಗೆಯ ಹಣೆಬರಹ ನಿಂತಿದೆ.

ನಾನು ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಕಲಿಸುವವಳು. ಶನಿವಾರ ಮಧ್ಯಾಹ್ನ ಹೈಸ್ಕೂಲು ಮಕ್ಕಳೂ ತಮ್ಮ ಕಿಟ್ ಹಿಡಿದು ಬರುತ್ತಾರೆ. ಅಳುಮೋರೆ ಹಾಕಿಕೊಂಡು ಬೋರ್ಡ್ ತೋರಿಸುವ ಮಕ್ಕಳ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: "ನನ್ನ ಕೈಯೇ ಸರಿ ಇಲ್ಲ ಮಿಸ್." ನೋಡಿದರೆ ಸೋಲ್ಡರ್ ಗೋಲಿಯಂತೆ ಉರುಟಾಗಿ ಕುಳಿತಿರುತ್ತದೆ, ಇಲ್ಲವೇ ತಾಮ್ರದ ಪ್ಯಾಡ್ ಬೋರ್ಡಿನಿಂದ ಎದ್ದು ಬಂದಿರುತ್ತದೆ. ಅದೇ ಮಗುವಿನ ಕೈಗೆ ನಮ್ಮ ಲ್ಯಾಬಿನ, ತಾಪವನ್ನು ತಾನೇ ಕಾಯ್ದುಕೊಳ್ಳುವ ಸೋಲ್ಡರಿಂಗ್ ಸ್ಟೇಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಬೆಸುಗೆ ಹೊಳೆಯತೊಡಗುತ್ತದೆ. ಉಪಕರಣದ ದೋಷವನ್ನು ಮಗು ತನ್ನ ತಲೆಗೆ ಕಟ್ಟಿಕೊಳ್ಳುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಈ ಲೇಖನ ಬರೆಯಲು ಅದೇ ಕಾರಣ.

ಒಂದೇ ಒಂದು ಬೆಸುಗೆಯನ್ನು ಹತ್ತಿರದಿಂದ ನೋಡೋಣ. ರೆಸಿಸ್ಟರಿನ ಕಾಲು ಬೋರ್ಡಿನ ತೂತಿನಿಂದ ಹೊರಬಂದಿದೆ. ಸುತ್ತ ತಾಮ್ರದ ಉಂಗುರ. ಬಿಟ್‌ನ ತುದಿ ಕಾಲನ್ನೂ ಉಂಗುರವನ್ನೂ ಒಟ್ಟಿಗೆ ಮುಟ್ಟಬೇಕು. ಒಂದು ಸೆಕೆಂಡ್ ತಡೆದು, ಬಿಟ್‌ಗೆ ಎದುರು ಬದಿಯಿಂದ ಸೋಲ್ಡರ್ ತಂತಿ ತಾಗಿಸಬೇಕು. ತಂತಿಯ ಒಳಗಿರುವ ಫ್ಲಕ್ಸ್ ಮೊದಲು ಕರಗಿ, ಲೋಹದ ಮೇಲಿನ ತೆಳು ಕಿಲುಬನ್ನು ತೆಗೆದುಹಾಕುತ್ತದೆ. ಬೆನ್ನಿಗೇ ಸೋಲ್ಡರ್ ನೀರಿನಂತೆ ಉಂಗುರವನ್ನು ಸುತ್ತಿ, ಕಾಲಿನ ಮೇಲೆ ಸ್ವಲ್ಪ ಹತ್ತಿ, ಒಳಬಾಗಿದ ಇಳಿಜಾರಾಗಿ ನಿಲ್ಲುತ್ತದೆ. ಮೊದಲು ತಂತಿ ತೆಗೆಯಬೇಕು, ಆಮೇಲೆ ಐರನ್. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಇದು ಹತ್ತು ಸೆಕೆಂಡಿಗೆ ಎಳೆದರೆ ಫ್ಲಕ್ಸ್ ಸುಟ್ಟುಹೋಗುತ್ತದೆ, ಪ್ಯಾಡಿನ ಅಂಟು ಸಡಿಲವಾಗುತ್ತದೆ.

ನೇರವಾಗಿ ಪ್ಲಗ್‌ಗೆ ಹಾಕುವ 25 ವ್ಯಾಟ್‌ನ ಸಾದಾ ಐರನ್‌ಗೆ ತನ್ನ ತುದಿ ಎಷ್ಟು ಬಿಸಿಯಾಗಿದೆ ಎಂದು ಗೊತ್ತಾಗುವ ವ್ಯವಸ್ಥೆಯೇ ಇಲ್ಲ. ಸ್ಟ್ಯಾಂಡಿನಲ್ಲಿ ಸುಮ್ಮನೆ ಇದ್ದಾಗ ಬಿಸಿ ಅಗತ್ಯಕ್ಕಿಂತ ಮೇಲೇರಿ ಬಿಟ್ ಕಪ್ಪಾಗುತ್ತದೆ. ಅಗಲವಾದ ತಾಮ್ರಕ್ಕೆ ಮುಟ್ಟಿಸಿದಾಗ ತಾಮ್ರವೇ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ಐರನ್‌ಗೆ ಆಗುವುದಿಲ್ಲ. ತೆಳು ಹಂಚಿನ ಮೇಲೆ ಹಿಟ್ಟು ಹುಯ್ದಾಗ ಹಂಚು ತಣ್ಣಗಾಗಿ ದೋಸೆ ಅಂಟಿಕೊಳ್ಳುವುದೂ ಹೀಗೆಯೇ.

ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತು. ಹೈದರಾಬಾದಿನ ಅಷ್‌ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಟ್ರಾನ್ಸೀವರನ್ನು ನಮ್ಮಲ್ಲಿ ಅನೇಕರು ಮನೆಯಲ್ಲೇ ಕಟ್ಟಿದ್ದಾರೆ. ಅಂಥ ಸರ್ಕ್ಯೂಟನ್ನು ಇಡಿಯ ತಾಮ್ರದ ಹಾಳೆಯಿರುವ ಬೋರ್ಡಿನ ಮೇಲೆ ನೇರವಾಗಿ ಕಟ್ಟುವಾಗ ಗ್ರೌಂಡ್ ಸಂಪರ್ಕಗಳೆಲ್ಲ ಆ ಹಾಳೆಗೇ ಕೂರಬೇಕು. ಸಣ್ಣ ಐರನ್‌ಗೆ ಅಲ್ಲಿ ಉಸಿರು ಕಟ್ಟುತ್ತದೆ.

ಸ್ಟೇಷನ್‌ನ ಉಪಯೋಗ ಇರುವುದೇ ಇಲ್ಲಿ. ಹೀಟರಿನ ಪಕ್ಕ ಒಂದು ಸೆನ್ಸರ್ ಇರುತ್ತದೆ. ತುದಿ ತಣ್ಣಗಾದೊಡನೆ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಪೂರ್ತಿ ಶಕ್ತಿ ಕಳಿಸುತ್ತದೆ, ಬಿಸಿ ತುಂಬಿದೊಡನೆ ನಿಲ್ಲಿಸುತ್ತದೆ. 60 ವ್ಯಾಟ್‌ನ ಸ್ಟೇಷನ್ ನಾಜೂಕು ಕೆಲಸಕ್ಕೆ ಜಾಸ್ತಿಯಾಯಿತೇ ಎಂಬ ಭಯ ಬೇಡ. ಬೇಕಾದಾಗ ಮಾತ್ರ ಅದು 60 ವ್ಯಾಟ್ ಎಳೆಯುತ್ತದೆ. ಅಮೆರಿಕದ ವೆಲ್ಲರ್ ಕಂಪನಿ ಇದನ್ನು ಹಿಂದೆ ಅಯಸ್ಕಾಂತದಿಂದಲೇ ಸಾಧಿಸಿತ್ತು. ಬಿಟ್‌ನ ಹಿಂಬದಿಯ ಲೋಹದ ತುಣುಕು ನಿಗದಿತ ತಾಪ ಮುಟ್ಟಿದಾಗ ಕಾಂತಗುಣ ಕಳೆದುಕೊಳ್ಳುತ್ತದೆ, ಸ್ವಿಚ್ ಬಿಡುತ್ತದೆ. ತಣಿದಾಗ ಮತ್ತೆ ಹಿಡಿಯುತ್ತದೆ. ಬಿಟ್ ಮೇಲೆ 7 ಎಂದಿದ್ದರೆ 700 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 370 ಡಿಗ್ರಿ ಸೆಲ್ಸಿಯಸ್.

ಇಂದು ಹವ್ಯಾಸಿಯ ಮುಂದೆ ಮುಖ್ಯವಾಗಿ ಎರಡು ಕುಲಗಳಿವೆ. ಮೊದಲನೆಯದು ಜಪಾನಿನ ಹಕ್ಕೋ ಕಂಪನಿಯ 936 ಮಾದರಿ. ಹಕ್ಕೋ ಇದನ್ನು ನಿಲ್ಲಿಸಿ ಎಫ್‌ಎಕ್ಸ್-888 ಸರಣಿಗೆ ಬಂದಿದ್ದರೂ, ಅದೇ ವಿನ್ಯಾಸವನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡಿ ಮಾರುವವರು ಬೇಕಾದಷ್ಟಿದ್ದಾರೆ. ಇದರಲ್ಲಿ ಸೆರಾಮಿಕ್ ಹೀಟರಿನ ಮೇಲೆ ಟೊಳ್ಳು ಬಿಟ್ ಟೋಪಿಯಂತೆ ಕೂರುತ್ತದೆ. 900ಎಂ ಎಂಬ ಈ ಬಿಟ್‌ಗಳು ಅಗ್ಗ, ಎಲ್ಲೆಡೆ ಸಿಗುತ್ತವೆ. ಹೀಟರಿಗೂ ಬಿಟ್‌ಗೂ ನಡುವೆ ಸಂದು ಉಳಿದರೆ ಬಿಸಿ ತುದಿಗೆ ಬರುವುದು ನಿಧಾನ, ಅದೊಂದು ಕೊರತೆ. ಎರಡನೆಯ ಕುಲ ಕಾರ್ಟ್ರಿಜ್‌ನದು. ಹೀಟರ್, ಸೆನ್ಸರ್, ತುದಿ ಮೂರೂ ಒಂದೇ ಕಡ್ಡಿಯಲ್ಲಿ ಇರುತ್ತವೆ. ಹಕ್ಕೋದ ಟಿ12, ಬಾರ್ಸಿಲೋನಾದ ಜೆಬಿಸಿ ಕಂಪನಿಯ ಸಿ245 ಇಂಥವು. ಸ್ವಿಚ್ ಹಾಕಿ ಕೆಲವೇ ಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಅಗಲ ತಾಮ್ರದ ಮೇಲೂ ಬಿಸಿ ಇಳಿಯುವುದು ಕಡಿಮೆ. ಆದರೆ ಬಿಟ್ ಸವೆದರೆ ಹೀಟರ್ ಸಮೇತ ಬದಲಿಸಬೇಕು. ಇವೆರಡಕ್ಕೂ ಹೊಂದುವ ಬಿಟ್‌ಗಳನ್ನು ಹಲವರು ತಯಾರಿಸುತ್ತಾರೆ. ಯಾವ ಸ್ಟೇಷನ್ ನೋಡಿದರೂ ನಾನು ಮೊದಲು ಕೇಳುವುದು ಅದರ ಬಿಟ್ ಸಿಗುತ್ತದೆಯೇ ಎಂದು. ಬಿಟ್ ಸಿಗದ ಚಂದದ ಸ್ಟೇಷನ್ ಬಹಳ ಕಾಲ ಬಾಳುವುದಿಲ್ಲ.

ಬಿಟ್‌ನ ಆಕಾರವೂ ಸಣ್ಣ ವಿಷಯವಲ್ಲ. ಅನೇಕ ಸ್ಟೇಷನ್‌ಗಳ ಜೊತೆ ಸೂಜಿಯಂಥ ಚೂಪು ತುದಿ ಬರುತ್ತದೆ. ಸಣ್ಣ ಕೆಲಸಕ್ಕೆ ಅದೇ ಸರಿ ಎನಿಸಿದರೂ ಚೂಪು ತುದಿಗೆ ಬೋರ್ಡಿನೊಂದಿಗೆ ಸ್ಪರ್ಶ ಕಡಿಮೆ, ಬಿಸಿ ದಾಟುವುದೂ ಕಡಿಮೆ. ನಾನು ಎಲ್ಲರಿಗೂ ಹೇಳುವುದು 2.4 ಮಿಲಿಮೀಟರ್ ಅಗಲದ ಉಳಿಯಾಕಾರದ ಬಿಟ್, ಹಕ್ಕೋ ಲೆಕ್ಕದಲ್ಲಿ ಡಿ24. ಇದೊಂದರಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಬೆಸುಗೆ ಹಿಡಿಯದಿದ್ದರೆ ತಾಪ ಏರಿಸುವ ಬದಲು ಅಗಲ ಬಿಟ್ ಹಾಕಿ ನೋಡಿ.

ಬಿಟ್‌ಗೆ ಅರ ಹಾಕುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಬರಿ ತಾಮ್ರದ ಬಿಟ್ ಇದ್ದ ಕಾಲದಲ್ಲಿ ರೇಡಿಯೊ ರಿಪೇರಿಯವರು ಅರದಿಂದ ಉಜ್ಜಿ ತುದಿ ತಿದ್ದುತ್ತಿದ್ದರು, ಅದು ಆಗ ಸರಿಯೇ. ಕರಗಿದ ಸೋಲ್ಡರ್ ತಾಮ್ರವನ್ನು ತಿನ್ನುತ್ತದೆ. ಆದ್ದರಿಂದಲೇ ಈಗಿನ ಬಿಟ್‌ಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ಲೇಪವಿದೆ. ಅರ ಅಥವಾ ಸ್ಯಾಂಡ್‌ಪೇಪರ್ ತಾಗಿಸಿದರೆ ಆ ಲೇಪ ಹೋಗುತ್ತದೆ. ಹಿತ್ತಾಳೆಯ ಉಣ್ಣೆಯಲ್ಲಿ ಒರೆಸಿ, ಕೆಲಸ ಮುಗಿದ ಮೇಲೆ ತುದಿಗೆ ಹೊಸ ಸೋಲ್ಡರ್ ಸವರಿ ಆಫ್ ಮಾಡಿ.

ಡಿಸ್‌ಪ್ಲೇಯಲ್ಲಿ 480 ಡಿಗ್ರಿ ಕಾಣಿಸಿದರೆ ಹಿಗ್ಗಬೇಡಿ. ತವರ 63, ಸೀಸ 37 ಪಾಲಿನ ಸೋಲ್ಡರ್ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. 60–40ರದ್ದು ನಡುವೆ ಕೆಲವು ಡಿಗ್ರಿ ಅರೆಗಟ್ಟಿಯಾಗಿ ಉಳಿಯುವುದರಿಂದ ಆಗ ಕೈ ಅಲುಗಿದರೆ ಬೆಸುಗೆ ಕೆಡುತ್ತದೆ. ಕಲಿಯುವವರಿಗೆ 63–37ರ, 0.8 ಮಿಲಿಮೀಟರ್ ದಪ್ಪದ, ರಾಳದ ಫ್ಲಕ್ಸ್ ಇರುವ ತಂತಿ ಒಳ್ಳೆಯದು. 320ರಿಂದ 350 ಡಿಗ್ರಿ ಸಾಕು. ಹಳೆಯ ಸಲಕರಣೆಗಳಿಂದ ಬಿಡಿಭಾಗ ಕೀಳುವಾಗ ಮಾತ್ರ ಕಷ್ಟ ಹೆಚ್ಚು. ಸೀಸದ ಬಳಕೆಯನ್ನು ನಿರ್ಬಂಧಿಸುವ ಯುರೋಪಿನ ನಿಯಮ 2006ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಕಾರ್ಖಾನೆಯ ಬೋರ್ಡುಗಳಲ್ಲಿ ಸೀಸರಹಿತ ಸೋಲ್ಡರ್ ವ್ಯಾಪಕವಾಯಿತು. ಸಾಮಾನ್ಯವಾಗಿ ಬಳಸುವ ಮಿಶ್ರಣ ಕರಗುವುದು 217 ಡಿಗ್ರಿಯ ಮೇಲೆ. ಅಲ್ಲಿ ಸೀಸವಿರುವ ಸೋಲ್ಡರ್ ಸ್ವಲ್ಪ ಬೆರೆಸಿದರೆ ಬೇಗ ಬಿಡುತ್ತದೆ.

ಕೊಳ್ಳುವ ಮುನ್ನ ಅರ್ತಿಂಗ್ ನೋಡಿ. ಕೆಲವು ಸಾದಾ ಐರನ್‌ಗಳ ತುದಿಗೆ ಟೆಸ್ಟರ್ ಹಿಡಿದರೆ ದೀಪ ಮಂದವಾಗಿ ಉರಿಯುತ್ತದೆ. ಆ ಸೋರಿಕೆ ನಾಜೂಕು ಐಸಿಯನ್ನು ಕೊಲ್ಲಬಹುದು. ಒಳ್ಳೆಯ ಸ್ಟೇಷನ್‌ನಲ್ಲಿ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 24 ವೋಲ್ಟ್‌ನ ಆಸುಪಾಸಿಗೆ ಇಳಿಸುತ್ತದೆ; ತುದಿ ಪ್ಲಗ್‌ನ ದಪ್ಪ ಪಿನ್‌ಗೆ ಸೇರಿರುತ್ತದೆ. ಪ್ಲಗ್ ಕಿತ್ತು, ಐರನ್ ತಣ್ಣಗಿರುವಾಗ ಮಲ್ಟಿಮೀಟರಿನಿಂದ ದಪ್ಪ ಪಿನ್‌ಗೂ ತುದಿಗೂ ನಡುವೆ ಅಳೆಯಿರಿ. ಒಂದೆರಡು ಓಮ್ ಬಂದರೆ ನಿಶ್ಚಿಂತೆ. ಮನೆಯ ಸಾಕೆಟ್‌ಗೂ ಅರ್ತಿಂಗ್ ಇರಬೇಕು, ಇಲ್ಲದಿದ್ದರೆ ಇಷ್ಟೆಲ್ಲ ನೋಡಿಯೂ ಪ್ರಯೋಜನವಿಲ್ಲ.

ಪೈನ್‌ಸಿಲ್‌ನಂಥ ಯುಎಸ್‌ಬಿ-ಸಿ ಐರನ್‌ಗಳು ಜಾಗವಿಲ್ಲದ ಹಾಸ್ಟೆಲ್ ಹುಡುಗರಿಗೆ ಬಹಳ ಅನುಕೂಲ. ಆದರೆ ಮೊಬೈಲಿನ ಎಲ್ಲ ಫಾಸ್ಟ್ ಚಾರ್ಜರ್‌ಗಳೂ ಇವಕ್ಕೆ ಬೇಕಾದ 20 ವೋಲ್ಟ್ ಕೊಡುವುದಿಲ್ಲ. ಲ್ಯಾಪ್‌ಟಾಪಿನ 65 ವ್ಯಾಟ್‌ನ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಇಟ್ಟುಕೊಳ್ಳಿ. ಐರನ್ ಜೊತೆ ಬಿಸಿಗಾಳಿಯ ಗನ್ನೂ ಸೇರಿರುವ ಜೋಡಿ ಪೆಟ್ಟಿಗೆಗೆ ಆರಂಭದಲ್ಲೇ ದುಡ್ಡು ಸುರಿಯಬೇಡಿ. ಅದೇ ದುಡ್ಡಿನಲ್ಲಿ ಒಳ್ಳೆಯ ಐರನ್, ಎರಡು ಬಿಟ್, ಒಳ್ಳೆಯ ಸೋಲ್ಡರ್ ತಂತಿ, ಸಣ್ಣ ಫ್ಯಾನ್ ಬರುತ್ತವೆ. ಫ್ಯಾನ್ ಬೇಕೇ ಬೇಕು. ಈ ತಾಪದಲ್ಲಿ ಸೀಸ ಆವಿಯಾಗಿ ಹೊಗೆಗೆ ಸೇರುವ ಭಯವಿಲ್ಲ, ಏಳುವ ಹೊಗೆ ರಾಳದ್ದು. ದಿನವೂ ಉಸಿರಾಡಿದರೆ ಅಸ್ತಮಾ ತರಬಲ್ಲದು. ಸೀಸ ಹೊಟ್ಟೆ ಸೇರುವುದು ಕೈಬೆರಳಿನಿಂದ. ಕೆಲಸದ ಮೇಜಿನ ಮೇಲೆ ತಿಂಡಿ ಬೇಡ, ಎದ್ದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಿಗೆ ಒಂದು ಮಾತು ಹೇಳಬೇಕು. ತಲೆಗೊಂದು ಅಗ್ಗದ ಐರನ್ ಕೊಳ್ಳುವ ಬದಲು ನಾಲ್ಕು ಮಕ್ಕಳಿಗೊಂದು ಒಳ್ಳೆಯ ಸ್ಟೇಷನ್ ಇಡಿ. ಒಬ್ಬರು ಬೆಸುಗೆ ಹಾಕುವಾಗ ಇನ್ನೊಬ್ಬರು ಬಿಡಿಭಾಗ ಕೂರಿಸಲಿ, ಮತ್ತೊಬ್ಬರು ಮೀಟರ್ ಹಿಡಿದು ಪರೀಕ್ಷಿಸಲಿ. ಸರದಿಗಾಗಿ ಕಾಯುವುದರಿಂದ ಯಾವ ಮಗುವೂ ಎಲೆಕ್ಟ್ರಾನಿಕ್ಸ್ ಬಿಡುವುದಿಲ್ಲ. ಕರಗದ ಸೋಲ್ಡರಿನೊಂದಿಗೆ ಗುದ್ದಾಡಿ ಬೇಸತ್ತು ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ.