ಹಲಗಿ ನಿಂತರೂ ನಿಲ್ಲದ ಹೆಜ್ಜೆ

ಮೊಹರಂ ಕತಲ್ ರಾತ್ರಿ ಸುರಪುರ, ಶಹಾಪುರದ ಕಡೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿ, ಮತ ಯಾರೂ ಕೇಳುವುದಿಲ್ಲ. ಹೊತ್ತೇರಿದಂತೆ ಹಲಗಿಯ ಚರ್ಮ ತಂಪಿಗೆ ಸಡಿಲಾಗಿ ದನಿ ಇಳಿಯುತ್ತದೆ. ಬಾರಿಸುವವರು ಅದನ್ನು ಬೆಂಕಿಗೆ ಹಿಡಿದು ಕಾಯಿಸಲು ಪಕ್ಕಕ್ಕೆ ಸರಿಯುತ್ತಾರೆ. ಆಗ ಕುಣಿಯುವವರ ಕಾಲು ನೋಡಬೇಕು. ಸಪ್ಪಳ ನಿಂತಿದ್ದರೂ ಹೆಜ್ಜೆ ಅದೇ ಲಯದಲ್ಲಿ ಇನ್ನಷ್ಟು ಹೊತ್ತು ಬೀಳುತ್ತಲೇ ಇರುತ್ತದೆ.

ಮಾತಿಲ್ಲದೆ, ಹಾಡಿಲ್ಲದೆ, ಧ್ಯಾನಕ್ಕೆ ಕೂತಂತೆ ಕುಣಿಯುವ ಪದ್ಧತಿಯ ಹೆಸರೆತ್ತಿದರೆ ನಮ್ಮ ಕಡೆಯವರು ಮೊದಲು ಕೇಳುವುದು, ‘ಬಾಜಾನ ಇಲ್ದ ಹೆಂಗ ಕುಣೀಬೇಕ್ರಿ?’ ಎಂದು. ಉತ್ತರ ಆ ಹಲಗಿ ಕಾಯುವ ಬಿಡುವಿನಲ್ಲೇ ಇದೆ. ಸುಮ್ಮನೆ ಕೂತು ತಾಳ ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿದರೆ, ಚಲನೆಯನ್ನು ಸಜ್ಜುಗೊಳಿಸುವ ಭಾಗಗಳೂ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳೂ ಚುರುಕಾಗಿರುವುದು ಕಾಣುತ್ತದೆ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಅವು ಮೊದಲೇ ಲೆಕ್ಕ ಹಾಕುತ್ತಿರುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಒಳತಾಳವೇ ಕೈಕೊಡುತ್ತದೆ. ಹೊರಗಿನಿಂದ ತಾಳ ಕೊಟ್ಟರೆ ಅಂಥ ಎಷ್ಟೋ ರೋಗಿಗಳ ನಡಿಗೆ ಸುಧಾರಿಸುವುದು ಅದಕ್ಕೇ.

ಹಾಗಾದರೆ ಕುಣಿತದ ಹಿತ ಬರುವುದು ಸಂಗೀತದಿಂದಲೋ, ಕುಣಿಯುವುದರಿಂದಲೋ? ಬ್ರಾನ್ವಿನ್ ಟಾರ್, ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಕುಣಿಯುವವರೆಲ್ಲರ ಕಿವಿಗೆ ಹೆಡ್‌ಫೋನ್. ಹೊರಗಿನಿಂದ ನೋಡಿದವರಿಗೆ ಮೂಕ ಕುಣಿತ. ಕುಣಿತದ ಮೊದಲು ಮತ್ತು ನಂತರ, ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಗಾಳಿ ತುಂಬುತ್ತಾ, ಎಷ್ಟು ನೋವು ತಾಳಬಲ್ಲರೆಂದು ಅಳೆದರು. ಒಂದೇ ಹಾಡಿಗೆ ಒಂದೇ ಹೆಜ್ಜೆ ಹಾಕಿದವರಲ್ಲಿ ನೋವು ತಾಳುವ ಶಕ್ತಿಯೂ ಏರಿತ್ತು, ಪರಸ್ಪರ ಆಪ್ತತೆಯೂ ಹೆಚ್ಚಿತ್ತು. ಮೈಯೊಳಗೇ ಹುಟ್ಟುವ ನೋವುಶಾಮಕ ಎಂಡಾರ್ಫಿನ್ ಇದರ ಹಿಂದಿರಬಹುದೆಂದು ಅವರ ಊಹೆ. ಮೂಕ ಕುಣಿತವನ್ನು ಒಬ್ಬರೇ ಬಾಗಿಲು ಹಾಕಿಕೊಂಡು ಮಾಡುವುದಕ್ಕಿಂತ ನಾಲ್ಕು ಜನ ಸೇರಿ ಮಾಡುವುದೇ ಮೇಲು ಎಂದು ನನಗನ್ನಿಸುವುದು ಇದರಿಂದಲೇ. ಇಂಥ ಕುಣಿತದಿಂದ ಮೈಯ ವಿಷವೆಲ್ಲ ಹೊರಹೋಗುತ್ತದೆ ಎನ್ನುವವರೂ ಇದ್ದಾರೆ. ಆ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು.

ಮೊದಲ ಸಲ ಮಾಡುವವರು ಬರಿಗಾಲಲ್ಲಿ ಶಹಾಬಾದಿ ಫರಸಿಯ ಮೇಲೆ ನಿಲ್ಲಲಿ. ಪಾದ ಜೋಡಿಸಿ ಕಣ್ಣು ಮುಚ್ಚಿದೊಡನೆ ಮೈ ತುಸು ತೂಗುತ್ತದೆ. ಹಿಮ್ಮಡಿ, ಹೆಬ್ಬೆರಳು ಸರದಿಯ ಮೇಲೆ ನೆಲ ಒತ್ತುವುದು, ಮೀನಖಂಡ ಬಿಗಿದು ಸಡಿಲಾಗುವುದು ಗೊತ್ತಾಗುತ್ತದೆ. ಕಣ್ಣಿನ ಸಹಾಯ ತಪ್ಪಿದಾಗ ಅಂಗಾಲು, ಕೀಲು ಮತ್ತು ಒಳಕಿವಿ ಸೇರಿ ನಮ್ಮನ್ನು ನಿಲ್ಲಿಸುವ ಬಗೆ ಇದು. ವೈದ್ಯರು ರಾಂಬರ್ಗ್ ಪರೀಕ್ಷೆಯಲ್ಲಿ ನೋಡುವುದೂ ಇದನ್ನೇ. ಇಲ್ಲಿಂದ ಹೆಜ್ಜೆ ತಾನಾಗಿ ಶುರುವಾಗಲಿ.

ಗಿರಗಿರ ತಿರುಗಬೇಕೆನಿಸಿದರೆ ಮಾತ್ರ ಜೋಕೆ. ಒಳಕಿವಿಯ ಮೂರು ಅರ್ಧವೃತ್ತ ನಾಳಗಳಲ್ಲಿ ದ್ರವವಿದೆ. ತಿರುಗುತ್ತಾ ಹೋದಂತೆ ಅದೂ ನಮ್ಮ ವೇಗಕ್ಕೆ ಹೊಂದಿಕೊಳ್ಳುತ್ತದೆ. ನಾವು ಗಕ್ಕನೆ ನಿಂತರೂ ಅದು ನಿಲ್ಲದೆ ಹರಿದು, ನಾವು ಎದುರು ದಿಕ್ಕಿಗೆ ತಿರುಗುತ್ತಿದ್ದೇವೆಂಬ ತಪ್ಪು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಆಗ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ದಿಟ್ಟಿಸುತ್ತಾ ಕೂತರೆ ಬೇಗ ಸರಿಹೋಗುತ್ತದೆ. ತಲೆಸುತ್ತಿನ ತೊಂದರೆ ಇದ್ದವರಿಗೆ ಈ ಗಿರಕಿ ಬೇಡ. ತಂಪೆಂದು ಬೆಳಗಿನ ಜಾವ ಮಾಳಿಗೆ ಹತ್ತುವವರು, ಸುತ್ತ ಕಟ್ಟೆಗೋಡೆ ಇಲ್ಲದಿದ್ದರೆ ಕೆಳಗಿಳಿದು ಅಂಗಳದಲ್ಲೇ ಕುಣಿಯಲಿ.